ಹತ್ತು ಅಡಿ ಕಾರಿನ ಕಥೆ

ರ್‍ಯಾಲಿ ಅಂದರೆ ನಮ್ಮ ಊರಿನಲ್ಲಿ ಮೈಕು ಕಟ್ಟಿಕೊಂಡು ಬಾವುಟ ಹಿಡಿದು ಹೋಗುವ ಮೆರವಣಿಗೆ ಅಂತಲೇ ಎಲ್ಲರಿಗೂ ಗೊತ್ತು. ಗೆಳತಿಯರೇ, ಗೆಳೆಯರೇ, ನಾನು ಬರೆಯುತ್ತಿರುವುದು ಕಾರುಗಳ ರ್‍ಯಾಲಿಯ ಬಗ್ಗೆ. ಇದು ಒಂದೇ ಮೈದಾನದಲ್ಲಿ ಸುತ್ತು ಹಾಕುವ ರೇಸ್ ಅಲ್ಲ. ಮಾಮೂಲು ರಸ್ತೆ, ಘಾಟಿ, ಕಾಡುದಾರಿಗಳಲ್ಲೇ ನಡೆಯುತ್ತದೆ. ಕಾರುಗಳನ್ನು ನಡುವೆ ಅಂತರ ಬಿಟ್ಟು ಒಂದೊಂದಾಗಿ ಕಳಿಸುತ್ತಾರೆ. ಯಾರು ಎಷ್ಟು ಸಮಯ ತೆಗೆದುಕೊಂಡರು ಅಂತ ಲೆಕ್ಕ ಇಡುತ್ತಾರೆ. ಒಂದು ಕಾರಿನಲ್ಲಿ ಇಬ್ಬರು. ಒಬ್ಬರು ಓಡಿಸಿದರೆ, ಇನ್ನೊಬ್ಬರು ಪಕ್ಕದಲ್ಲಿ ಕೂತು, ಮೊದಲೇ ಬರೆದುಕೊಂಡ ನೋಟ್ಸ್ ನೋಡಿ ಮುಂದೆ ಎಡ ತಿರುವು, ಇಲ್ಲಿ ಮಂಜುಗಡ್ಡೆ ಅಂತ ಕೂಗಿ ಹೇಳುತ್ತಾರೆ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲೂ ಇಂಥ ರ್‍ಯಾಲಿಗಳು ನಡೆದಿವೆ.

ನಮ್ಮ ಮಾವನ ಗ್ಯಾರೇಜಿನ ಗೋಡೆಗೆ ಒಂದು ಹಳೇ ಚಿತ್ರ ಅಂಟಿಸಿದೆ. ಕೆಂಪು ಮೈ, ಬಿಳಿ ಚಾವಣಿ, ಮೂತಿಯ ತುಂಬ ಲೈಟು, ಸುತ್ತ ಹಿಮ. ಆಟದ ಸಾಮಾನಿನ ಹಾಗಿರುವ ಈ ಕಾರಿನ ಹೆಸರು ಮಿನಿ ಕೂಪರ್. ಇದರ ಚರಿತ್ರೆ ಕೇಳಿದ ಮೇಲೆ ನನಗೆ ಇದನ್ನು ಬರೆಯಲೇಬೇಕು ಅನ್ನಿಸಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

1956ರಲ್ಲಿ ಸೂಯೆಜ್ ಕಾಲುವೆ ಗಲಾಟೆ ಆಯಿತಲ್ಲ, ಆಗ ಇಂಗ್ಲೆಂಡಿನಲ್ಲಿ ಪೆಟ್ರೋಲಿಗೂ ರೇಷನ್ ಬಂತು. ಕಡಿಮೆ ಎಣ್ಣೆ ಕುಡಿಯುವ ಸಣ್ಣ ಕಾರು ಬೇಕು ಅಂತ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನವರು ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರಿಗೆ ಹೇಳಿದರು. 1959ರಲ್ಲಿ ಮಿನಿ ಮಾರಾಟಕ್ಕೆ ಬಂತು. ಉದ್ದ ಬರೀ 10 ಅಡಿ. ನಮ್ಮ ಊರಲ್ಲಿ ಇನ್ನೂ ಓಡುವ ಹಳೇ ಮಾರುತಿ 800 ಇದಕ್ಕಿಂತ ಸುಮಾರು ಒಂದು ಅಡಿ ಉದ್ದ! ಚಕ್ರ 10 ಇಂಚು, ಅಂದರೆ ಬಜಾಜ್ ಚೇತಕ್ ಸ್ಕೂಟರಿನ ಚಕ್ರದ ಅಳತೆ. ಎಂಜಿನ್ 848 ಸಿಸಿ. ಜಾಗ ಉಳಿಸುವುದಕ್ಕೆ ಇಸಿಗೋನಿಸ್ ಎಂಜಿನ್ನನ್ನು ಅಡ್ಡಡ್ಡ ಇಟ್ಟರು, ಗೇರ್‌ಬಾಕ್ಸನ್ನು ಅದರ ಕೆಳಗೇ ತೂರಿಸಿದರು, ಮುಂದಿನ ಚಕ್ರಗಳೇ ಕಾರನ್ನು ಎಳೆಯುವ ಹಾಗೆ ಮಾಡಿದರು. ಇದರಿಂದ ಎಂಜಿನ್ನಿನ ಭಾರವೆಲ್ಲ ಎಳೆಯುವ ಚಕ್ರಗಳ ಮೇಲೇ ಬಿತ್ತು. ಕೆಸರಲ್ಲಿ ಎತ್ತು ಮುಂದೆ ನಿಂತು ಎಳೆದ ಹಾಗೆ. ಸಂಸಾರದ ಕಾರಿಗೆ ಅಂತ ಮಾಡಿದ ಉಪಾಯ ಹಿಮದ ಮೇಲೆ ದೊಡ್ಡ ಬಲವಾಗುತ್ತದೆ ಅಂತ ಯಾರು ಅಂದುಕೊಂಡಿದ್ದರೋ.

ಅಂದುಕೊಂಡವರು ಒಬ್ಬರಿದ್ದರು, ಜಾನ್ ಕೂಪರ್. 1959 ಮತ್ತು 1960ರಲ್ಲಿ ಇವರ ಕಾರುಗಳು ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆಗಿದ್ದವು. ಇವರ ಒತ್ತಾಯದಿಂದ 1961ರಲ್ಲಿ ಜಾಸ್ತಿ ಶಕ್ತಿಯ ಮಿನಿ ಕೂಪರ್ ಬಂತು, 1963ರಲ್ಲಿ ಅದಕ್ಕೂ ಗಟ್ಟಿಯಾದ ಕೂಪರ್ ಎಸ್.

ಈ ಕಾರಿಗೆ ಮೊದಲ ದೊಡ್ಡ ಗೆಲುವು ತಂದುಕೊಟ್ಟವರು ಇಬ್ಬರು ಹೆಂಗಸರು. 1962ರ ಟುಲಿಪ್ ರ್‍ಯಾಲಿಯಲ್ಲಿ ಓಡಿಸಿದವರು ಪ್ಯಾಟ್ ಮಾಸ್, ಪಕ್ಕದಲ್ಲಿ ಆನ್ ವಿಸ್ಡಮ್. ಹುಡುಗರು ಇದನ್ನು ಎರಡು ಸಲ ಓದಿ.

ಅದೇ ವರ್ಷ ಮಾಂಟೆ ಕಾರ್ಲೊ ರ್‍ಯಾಲಿಯಲ್ಲಿ ಫಿನ್ಲೆಂಡಿನ ರೌನೊ ಆಲ್ಟೊನೆನ್ ಓಡಿಸುತ್ತಿದ್ದ ಮಿನಿ ಮಗುಚಿ ಬೆಂಕಿ ಹತ್ತಿಕೊಂಡಿತು. ಜೊತೆಗಾರ ಜೆಫ್ ಮ್ಯಾಬ್ಸ್ ಅವರನ್ನು ಹೊರಗೆಳೆದು ಉಳಿಸಿದರು. ಮುಂದಿನ ವರ್ಷ ಅದೇ ಆಲ್ಟೊನೆನ್ ಮತ್ತೆ ಮಿನಿ ಹತ್ತಿ ಮೂರನೇ ಸ್ಥಾನಕ್ಕೆ ಬಂದರು.

ಮಾಂಟೆ ಕಾರ್ಲೊ ಇರುವುದು ಫ್ರಾನ್ಸಿನ ಪಕ್ಕದ ಮೊನಾಕೊ ಎಂಬ ಪುಟ್ಟ ದೇಶದಲ್ಲಿ. ಅಲ್ಲಿನ ರ್‍ಯಾಲಿ 1911ರಲ್ಲಿ ಶುರುವಾದದ್ದು. ಜನವರಿ ಚಳಿಯಲ್ಲಿ, ಬೆಟ್ಟದ ತಿರುವುಗಳಲ್ಲಿ, ಮಧ್ಯರಾತ್ರಿ ಹಿಮದ ಮೇಲೆ ಓಡಿಸಬೇಕು. ಟೈರಿಗೆ ಮೊಳೆ ಬಡಿದಿರುತ್ತಾರೆ. ಆ ಕಾಲದಲ್ಲಿ ಕಾರುಗಳು ಯೂರೋಪಿನ ಬೇರೆ ಬೇರೆ ಊರುಗಳಿಂದ ಹೊರಟು ಒಂದು ಕಡೆ ಸೇರುತ್ತಿದ್ದವು. 1964ರಲ್ಲಿ ಬೆಲ್‌ಫಾಸ್ಟಿನ ಪ್ಯಾಡಿ ಹಾಪ್‌ಕರ್ಕ್ ಮತ್ತು ಹೆನ್ರಿ ಲಿಡನ್ ಮಿನ್ಸ್ಕ್ ನಗರದಿಂದ ಹೊರಟು ಬಂದು ಗೆದ್ದೇಬಿಟ್ಟರು. ಅವರದು 1071 ಸಿಸಿ. ಎರಡನೇ ಸ್ಥಾನಕ್ಕೆ ಬಂದ ಅಮೆರಿಕದ ಫೋರ್ಡ್ ಫಾಲ್ಕನ್ ಹತ್ತಿರ ಹತ್ತಿರ 4,700 ಸಿಸಿ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಬೆಟ್ಟದ ಹಂತಗಳಲ್ಲಿ ಫಾಲ್ಕನ್ನೇ ಜೋರಾಗಿತ್ತು, ಸಣ್ಣ ಎಂಜಿನ್ನಿನ ಕಾರಿಗೆ ಲೆಕ್ಕದಲ್ಲಿ ರಿಯಾಯಿತಿ ಇತ್ತು.

ಆದರೆ 1965ರಲ್ಲಿ ಆ ಮಾತು ಯಾರೂ ಆಡುವ ಹಾಗಿರಲಿಲ್ಲ. ಆ ವರ್ಷ ಹಿಮ ಸುರಿದದ್ದು ಸುರಿದದ್ದೇ. ಹೊರಟದ್ದು 237 ಕಾರು, ಕೊನೆ ಮುಟ್ಟಿದ್ದು 35. ಅಷ್ಟರಲ್ಲಿ ಒಂದೂ ದಂಡದ ಅಂಕ ಬೀಳದೆ ಬಂದದ್ದು ಒಂದೇ ಕಾರು, ಟಿಮೊ ಮ್ಯಾಕಿನೆನ್ ಮತ್ತು ಪಾಲ್ ಈಸ್ಟರ್ ಅವರ ಮಿನಿ. ಫಿನ್ಲೆಂಡಿನವರಿಗೆ ಒಂದು ವಿದ್ಯೆ ಗೊತ್ತಿತ್ತು. ಬಲಗಾಲನ್ನು ಆಕ್ಸಿಲರೇಟರಿನಿಂದ ತೆಗೆಯದೆ ಎಡಗಾಲಿನಲ್ಲಿ ಬ್ರೇಕ್ ಮುಟ್ಟುವುದು. ಹಾಗೆ ಮಾಡಿದರೆ ಹಿಂದಿನ ಚಕ್ರ ಜಾರಿ, ಕಾರಿನ ಮೂತಿ ತಾನಾಗಿ ತಿರುವಿನ ಕಡೆ ತಿರುಗುತ್ತದೆ, ಎಂಜಿನ್ನಿನ ಎಳೆತವೂ ತಪ್ಪುವುದಿಲ್ಲ. ಇದನ್ನು ವಿವರಿಸಿ ಮಾವ, "ನೀನು ನಿಮ್ಮಪ್ಪನ ಟ್ರ್ಯಾಕ್ಟರ್ ಮೇಲೆ ಕಲಿಯೋಕೆ ಹೋಗ್ಬೇಡ ಕಣವ್ವ" ಅಂದರು. ಅದೇ ವರ್ಷ ಆಲ್ಟೊನೆನ್ ಮಿನಿಯಲ್ಲೇ ಯೂರೋಪಿನ ರ್‍ಯಾಲಿ ಚಾಂಪಿಯನ್ ಆದರು.

ಈಗ 1966ಕ್ಕೆ ಬರುತ್ತೇನೆ. ಆ ವರ್ಷ ನಿಯಮ ಬದಲಾಯಿತು. ಅಂಗಡಿಯಲ್ಲಿ ಮಾರುವ ಕಾರು ಹೇಗಿದೆಯೋ ಹಾಗೇ ಇರುವ ಕಾರುಗಳಿಗೆ ಅನುಕೂಲ ಅಂತ ಮಾಡಿದರು. ಮಿನಿಯವರು ಹಾಗೇ ತಯಾರಾಗಿ ಬಂದರು. ಮ್ಯಾಕಿನೆನ್ ಮೊದಲು, ಆಲ್ಟೊನೆನ್ ಎರಡು, ಹಾಪ್‌ಕರ್ಕ್ ಮೂರು. ಮೂರೂ ಮಿನಿ! ಕೊನೆಗೆ ತಪಾಸಣೆಯವರು ಕಾರುಗಳನ್ನು ಗಂಟೆಗಟ್ಟಲೆ ಬಿಚ್ಚಿ ನೋಡಿದರು. ಎಂಜಿನ್ನಿನಲ್ಲಿ ತಪ್ಪು ಸಿಗಲಿಲ್ಲ. ಸಿಕ್ಕಿದ್ದು ಹೆಡ್‌ಲೈಟಿನ ಬಲ್ಬು.

ಮಾಮೂಲು ಬಲ್ಬಿನಲ್ಲಿ ಎರಡು ತಂತಿ ಇರುತ್ತವೆ, ಒಂದು ದೂರದ ಬೆಳಕಿಗೆ, ಒಂದು ಹತ್ತಿರದ ಬೆಳಕಿಗೆ. ಎದುರು ಗಾಡಿ ಬಂದಾಗ ಡಿಮ್ ಡಿಪ್ ಮಾಡುವುದು ಇದರಿಂದಲೇ. ಈ ಮಿನಿಗಳಲ್ಲಿ ಒಂದೇ ತಂತಿಯ ಅಯೋಡಿನ್ ಬಲ್ಬು ಹಾಕಿದ್ದರು, ಹತ್ತಿರದ ಬೆಳಕಿಗೆ ಮಂಜಿನ ಲೈಟು ಬಳಸುತ್ತಿದ್ದರು. ಇದು ಅಂಗಡಿ ಕಾರಿನ ಹಾಗಿಲ್ಲ ಅಂತ ಮೂರನ್ನೂ ಅನರ್ಹ ಮಾಡಿದರು. ನಾಲ್ಕನೆಯದಾಗಿದ್ದ ರೋಜರ್ ಕ್ಲಾರ್ಕ್ ಅವರ ಫೋರ್ಡ್ ಕಾರ್ಟಿನಾ ಕೂಡ ಲೈಟಿನ ಕಾರಣಕ್ಕೇ ಹೋಯಿತು. ಐದನೆಯದಾಗಿದ್ದ ಫ್ರಾನ್ಸಿನ ಸಿಟ್ರೊಯೆನ್ ಗೆದ್ದಿತು ಅಂತ ಘೋಷಿಸಿದರು. ಇಂಗ್ಲಿಷರು ಮೇಲ್ಮನವಿ ಹಾಕಿದರು, ಅದೂ ವಜಾ ಆಯಿತು.

ಹೋದ ವರ್ಷ ಹೋಬಳಿ ಮಟ್ಟದ ಖೋಖೋದಲ್ಲಿ ನಮ್ಮ ಹುಡುಗಿಯರ ತಂಡ ಫೈನಲ್ ಗೆದ್ದದ್ದು ನಿಮಗೆಲ್ಲ ನೆನಪಿರಬೇಕು. ಕಪ್ಪು ಹಿಡಿದು ಟೆಂಪೋ ಹತ್ತುವ ಹೊತ್ತಿಗೆ ವಾಪಸ್ ಕರೆದು, ನಮ್ಮಲ್ಲಿ ಒಬ್ಬಳ ಜನನ ಪತ್ರದ ಜೆರಾಕ್ಸಿಗೆ ಸೀಲು ಬಿದ್ದಿಲ್ಲ ಅಂತ ಕಪ್ಪು ಇಸಕೊಂಡರು. ಅವಳ ವಯಸ್ಸು ಸರಿಯಾಗೇ ಇತ್ತು. ಸೀಲು ಇರಲಿಲ್ಲ, ಅಷ್ಟೆ. ಬರುವಾಗ ಟೆಂಪೋದಲ್ಲಿ ಯಾರೂ ಹಾಡು ಹೇಳಲಿಲ್ಲ. ಅದಕ್ಕೇ ಈ ಬಲ್ಬಿನ ವಿಷಯ ಕೇಳಿದಾಗ ನನಗೆ ಹೊಟ್ಟೆ ಚುರುಕ್ ಅಂದಿತು.

ಪಿ.ಟಿ. ಮೇಷ್ಟ್ರಿಗೆ ಈ ಕಥೆ ಹೇಳಿದೆ. "ರೂಲು ಬರೆದಿದ್ದ ಮೇಲೆ ಮುಗೀತಮ್ಮ, ಮುಂಚೇನೇ ಓದ್ಕೊಂಡು ಹೋಗ್ಬೇಕಿತ್ತು" ಅಂದರು. ಮಾವನನ್ನು ಕೇಳಿದರೆ, "ಬಲ್ಬಿಂದ ಕಾರು ಓಡ್ತದಾ?" ಅಂದರು. ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ರಾತ್ರಿ ಘಾಟಿಯಲ್ಲಿ ಬೆಳಕು ಜಾಸ್ತಿ ಇದ್ದರೆ ಅನುಕೂಲವೇ, ಬಲ್ಬಿಗೂ ಓಟಕ್ಕೂ ಸಂಬಂಧ ಇಲ್ಲ ಅನ್ನುವುದಕ್ಕೆ ಆಗುವುದಿಲ್ಲ. ಆದರೆ ಬಲ್ಬು ಎಂಜಿನ್ ಒಳಗಿನ ಗುಟ್ಟೇನಲ್ಲ, ಕಣ್ಣಿಗೆ ಕಾಣುವ ವಸ್ತು. ಹೊರಡುವ ಮುಂಚೆ ನೋಡಿ ಬದಲಾಯಿಸು ಅನ್ನಬಹುದಿತ್ತು. ಜೆರಾಕ್ಸನ್ನೂ ಬೆಳಿಗ್ಗೆಯೇ ನೋಡಬಹುದಿತ್ತು. ಗೆದ್ದ ಮೇಲೆ ಮಾತ್ರ ಬಿಚ್ಚಿ ನೋಡುವುದು ಯಾವ ಸೀಮೆ ನ್ಯಾಯ?

ಸಿಟ್ರೊಯೆನ್ ಓಡಿಸಿದ್ದವರು ಕೂಡ ಫಿನ್ಲೆಂಡಿನವರೇ, ಪೌಲಿ ಟೊಯ್ವೊನೆನ್. ಹಾಗೆ ಬಂದ ಗೆಲುವು ಅವರಿಗೆ ಸಂತೋಷ ಕೊಡಲಿಲ್ಲ. ನಮ್ಮ ಕಪ್ಪು ಸಿಕ್ಕಿದ ಹುಡುಗಿಯರೂ ಆ ದಿನ ನಮ್ಮ ಮುಖ ನೋಡದೆ ಬಸ್ ಹತ್ತಿದ್ದರು. ಇಪ್ಪತ್ತು ವರ್ಷ ಕಳೆದು, 1986ರಲ್ಲಿ, ಪೌಲಿಯ ಮಗ ಹೆನ್ರಿ ಟೊಯ್ವೊನೆನ್ ಅದೇ ಮಾಂಟೆ ಕಾರ್ಲೊದಲ್ಲಿ ಲಾನ್ಸಿಯಾ ಓಡಿಸಿ ಯಾರ ತಕರಾರೂ ಇಲ್ಲದೆ ಗೆದ್ದರು.

ಮಿನಿಯವರು 1967ರಲ್ಲಿ ಮತ್ತೆ ಅಲ್ಲಿಗೇ ಹೋದರು. ನಾನಾಗಿದ್ದರೆ ಹೋಗುತ್ತಿದ್ದೆನೋ ಇಲ್ಲವೋ. ಐದು ವರ್ಷದ ಹಿಂದೆ ಬೆಂಕಿಯಿಂದ ಪಾರಾಗಿದ್ದ ಆಲ್ಟೊನೆನ್, ಹೆನ್ರಿ ಲಿಡನ್ ಜೊತೆ ಗೆದ್ದರು. ಎರಡನೆಯವರಿಗೂ ಅವರಿಗೂ ನಡುವೆ ಇದ್ದದ್ದು 15 ಸೆಕೆಂಡಿಗಿಂತ ಕಡಿಮೆ. ಅದೇ ವರ್ಷ ಫಿನ್ಲೆಂಡಿನ ಸಾವಿರ ಸರೋವರಗಳ ರ್‍ಯಾಲಿಯಲ್ಲಿ ಮ್ಯಾಕಿನೆನ್ ಕಾರಿನ ಬಾನೆಟ್ ಓಡುವಾಗಲೇ ತೆರೆದುಕೊಂಡು ಗಾಜಿಗೆ ಅಡ್ಡ ನಿಂತಿತು. ನಿಲ್ಲಿಸಿದರೆ ಸಮಯ ಹೋಗುತ್ತದೆ. ಪುಣ್ಯಾತ್ಮ ಹೆಲ್ಮೆಟ್ಟಿನ ತಲೆಯನ್ನು ಪಕ್ಕದಿಂದ ಹೊರಗೆ ಹಾಕಿ ನೋಡಿಕೊಂಡು ಓಡಿಸಿ, ಆ ರ್‍ಯಾಲಿಯನ್ನೂ ಗೆದ್ದರು. ಅಲ್ಲಿ ಅವರದು ಸತತ ಮೂರನೇ ಗೆಲುವು.

1968ರ ಹೊತ್ತಿಗೆ ಪೋರ್ಷೆ 911 ಬಂದಾಗಿತ್ತು. ಆ ವರ್ಷ ಮಾಂಟೆಯಲ್ಲಿ ಮೊದಲೆರಡು ಸ್ಥಾನ ಪೋರ್ಷೆಗೆ, ಎರಡನೆಯದನ್ನು ಓಡಿಸಿದವರು ಅದೇ ಪೌಲಿ ಟೊಯ್ವೊನೆನ್. ಮೂರು, ನಾಲ್ಕು, ಐದು ಮಿನಿಗಳಿಗೆ. 1970ರಲ್ಲಿ ಅಬಿಂಗ್ಡನ್ ಊರಿನಲ್ಲಿದ್ದ ಕಂಪನಿಯ ಸ್ಪರ್ಧಾ ವಿಭಾಗವನ್ನು ಮುಚ್ಚಿದರು. ಹಳೇ ಮಿನಿ ತಯಾರಿಕೆ ಮಾತ್ರ 2000ದವರೆಗೂ ನಡೆದು, 53 ಲಕ್ಷಕ್ಕೂ ಹೆಚ್ಚು ಕಾರು ಹೊರಬಂದವು.

ಮಾಂಟೆ ಗೆದ್ದ ಮೂರು ಕಾರುಗಳು ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನ ಸಂಗ್ರಹಕ್ಕೆ ಸೇರಿವೆ. ನಂಬರುಗಳು 33 ಇಜೆಬಿ, ಎಜೆಬಿ 44ಬಿ, ಎಲ್‌ಬಿಎಲ್ 6ಡಿ. ನಾನು ಇವನ್ನು ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡು, ಅವುಗಳ ಕೆಳಗೆ 1966ರಲ್ಲಿ ಮ್ಯಾಕಿನೆನ್ ಓಡಿಸಿದ ಜಿಆರ್‌ಎಕ್ಸ್ 555ಡಿಯನ್ನೂ ಸೇರಿಸಿದ್ದೇನೆ.