ಗರುಡಾಚಾರ್‌ಪಾಳ್ಯದ ಕಂಬಗಳ ಕೆಳಗೆ ಎರಡು ಕಾರು

ಮೆಟ್ರೊದ ನೇರಳೆ ಮಾರ್ಗದಲ್ಲಿ ಕೃಷ್ಣರಾಜಪುರ ದಾಟಿ ಪೂರ್ವಕ್ಕೆ ಹೊರಟರೆ ಮೊದಲು ಸಿಂಗಯ್ಯನಪಾಳ್ಯ, ಅದರ ಮುಂದಿನ ನಿಲ್ದಾಣ ಗರುಡಾಚಾರ್‌ಪಾಳ್ಯ. 2023ರ ಮಾರ್ಚ್‌ನಲ್ಲಿ ಈ ನಿಲ್ದಾಣ ತೆರೆಯುವವರೆಗೆ ನಗರದ ಪಶ್ಚಿಮದಲ್ಲಿರುವ ನನ್ನಂಥವರಿಗೆ ಇದು ವೈಟ್‌ಫೀಲ್ಡ್ ರಸ್ತೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತುಬಿಡುವ ಒಂದು ಜಾಗ, ಅಷ್ಟೆ. ಮೆಟ್ಟಿಲಿಳಿದರೆ ಎದುರಿಗೆ ಗಾಜಿನ ಕಟ್ಟಡಗಳು, ಪಿ.ಜಿ. ಬೋರ್ಡುಗಳು, ಹಾರ್ನುಗಳ ಮೇಳ. ಪಕ್ಕದ ಗಲ್ಲಿಯಲ್ಲಿ ನೂರು ಹೆಜ್ಜೆ ಒಳಕ್ಕೆ ಹೋಗಿ ನೋಡಿ. ಮನೆ ಮುಂದೆ ಕಟ್ಟಿದ ಹಸು, ಜಗಲಿಯ ಮೇಲೆ ಕನ್ನಡ ತೆಲುಗುಗಳನ್ನು ಒಂದೇ ಉಸಿರಿನಲ್ಲಿ ಆಡುವ ಅಜ್ಜಿಯರು ಇನ್ನೂ ಇದ್ದಾರೆ. ಊರಿಗೊಂದು ಕೆರೆಯೂ ಉಂಟು.

ನಾನು ಅಲ್ಲಿಗೆ ಹೋದದ್ದು 2023ರ ನವೆಂಬರ್‌ನ ಒಂದು ಶನಿವಾರ. ಕಾರಣ ನನ್ನ ಹಳೆಯ ವಿದ್ಯಾರ್ಥಿ. ಹೈಸ್ಕೂಲಿನ ಮೂರು ವರ್ಷವೂ ನನ್ನಿಂದ ಭೌತಶಾಸ್ತ್ರ ಕಲಿತವನು, ಈಗ ಸಾಫ್ಟ್‌ವೇರ್ ಕೆಲಸ, ಕೈತುಂಬ ಸಂಬಳ. ಫೋನಿನಲ್ಲಿ ಅವನು ಹೇಳಿದ್ದು ಇಷ್ಟು: ‘ಸಾರ್, ಎರಡು ಸ್ಪೋರ್ಟ್ಸ್ ಕಾರು ನೋಡಿದ್ದೀನಿ. ಯಾವುದು ತಗೊಳ್ಳಲಿ ಅಂತ ನೀವೇ ಹೇಳ್ಬೇಕು.’

ಅವನು ಹೇಳದೆ ಬಿಟ್ಟದ್ದನ್ನು ಅದೇ ರಾತ್ರಿ ಅವನ ತಂದೆ ಹೇಳಿದರು. ಅವರು ಇದೇ ರಸ್ತೆಯ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಸ್ವಯಂ ನಿವೃತ್ತಿಯ ಹಣದಲ್ಲಿ ಊರಂಚಿನಲ್ಲಿ ಒಂದು ಸೈಟು ಮಾಡಿಟ್ಟಿದ್ದರು. ಅದನ್ನು ಮಾರಿ, ಉಳಿದದ್ದಕ್ಕೆ ಸಾಲ ಮಾಡಿ ಕಾರು ಕೊಳ್ಳುವುದು ಮಗನ ಯೋಜನೆ. ‘ಮೇಷ್ಟ್ರೇ, ನಾನು ಬೇಡ ಅಂದ್ರೆ ಅಪ್ಪ ಹಳೇ ಕಾಲದವನು ಅಂತಾನೆ. ನೀವು ಲೆಕ್ಕ ಹಾಕಿ ಹೇಳಿ. ಆಮೇಲೆ ಅವನಿಷ್ಟ.’

ಒಂದು ಬಿ.ಎಂ.ಡಬ್ಲ್ಯು ಜೆಡ್4, ಇನ್ನೊಂದು ಪೋರ್ಷೆ 911. ಹಿಂದಿನ ವಾರವೇ ಅವನು ನನ್ನನ್ನು ಷೋರೂಮಿಗೂ ಕರೆದೊಯ್ದಿದ್ದ. ಚೇತಕ್ ಸ್ಕೂಟರು, ಆಮೇಲೆ ಒಂದು ಹಳೆಯ ಮಾರುತಿ 800, ಇಷ್ಟೇ ಓಡಿಸಿ ಗೊತ್ತಿರುವ ಮನುಷ್ಯ ನಾನು. ನೆಲಕ್ಕೆ ಅಂಟಿದಂತಿರುವ ಆ ಆಸನದಲ್ಲಿ ಕುಳಿತು ಎಂಜಿನ್ನಿನ ದನಿ ಕೇಳಿದಾಗ ಎದೆ ಝಲ್ ಎಂದದ್ದು ನಿಜ. ಹುಡುಗರು ಮರುಳಾಗುವುದು ಸುಮ್ಮನೆ ಅಲ್ಲ. ಆಸನದಿಂದ ಏಳಲು ಮಾತ್ರ ಇಬ್ಬರು ಕೈ ಕೊಡಬೇಕಾಯಿತು.

ಮನೆಯಲ್ಲಿ ಕಾಫಿ ಆದ ಮೇಲೆ ಅವನು ತಾನು ಗೆರೆ ಎಳೆದು ಬರೆದಿಟ್ಟ ಹಾಳೆ ತೆಗೆದ. ಎಡಗಡೆ ಜೆಡ್4 ಎಂ40ಐ: ಮುಂದೆ ಎಂಜಿನ್, 2998 ಸಿ.ಸಿ., ಒಂದೇ ಸಾಲಿನಲ್ಲಿ ಆರು ಸಿಲಿಂಡರ್, 340 ಅಶ್ವಶಕ್ತಿ, ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ 4.5 ಸೆಕೆಂಡ್, ಗರಿಷ್ಠ ವೇಗ 250. ಬಲಗಡೆ 911 ಕರೇರಾ: ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ, 2981 ಸಿ.ಸಿ., 385 ಅಶ್ವಶಕ್ತಿ, 4.2 ಸೆಕೆಂಡ್, ಗರಿಷ್ಠ ವೇಗ 293. ಎರಡೂ ಸುಮಾರು ಒಂದೂವರೆ ಟನ್ ತೂಕ. ಬೆಲೆ ಮಾತ್ರ ಹಾಗಲ್ಲ. ಮೊದಲನೆಯದು 90 ಲಕ್ಷದ ಆಸುಪಾಸು, ಎರಡನೆಯದು ಹೆಚ್ಚುಕಡಿಮೆ ಅದರ ಎರಡರಷ್ಟು.

ಪಾಠದ ದೃಷ್ಟಿಯಿಂದ 911 ನನಗೆ ಹೆಚ್ಚು ರುಚಿಸಿತು, ಒಪ್ಪಿಕೊಳ್ಳುತ್ತೇನೆ. 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಕಾಣಿಸಿಕೊಂಡಾಗಲೂ ಅದರ ಎಂಜಿನ್ ಹಿಂಭಾಗದಲ್ಲೇ ಇತ್ತು, ಇಂದಿಗೂ ಅಲ್ಲೇ ಇದೆ. ಸಿಲಿಂಡರುಗಳು ಮಲಗಿಕೊಂಡಿವೆ. ಎಡಬಲದ ಪಿಸ್ಟನ್ನುಗಳು ಏಕಕಾಲಕ್ಕೆ ವಿರುದ್ಧ ದಿಕ್ಕಿಗೆ ಚಲಿಸುವುದರಿಂದ ಒಂದರ ಅದಿರಾಟವನ್ನು ಇನ್ನೊಂದು ನುಂಗಿಬಿಡುತ್ತದೆ. ಕಾರು ಮುನ್ನುಗ್ಗುವಾಗ ಭಾರ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಆ ಚಕ್ರಗಳೇ ಎಳೆಯುವ ಚಕ್ರಗಳಾದ್ದರಿಂದ ಜಾರುವುದು ಕಡಿಮೆ. ಬಸ್ಸು ಹೊರಡುವಾಗ ನಿಂತವರು ಹಿಂದಕ್ಕೆ ವಾಲುವುದನ್ನು ಕಂಡ ಮಕ್ಕಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ಜೆಡ್4ನಲ್ಲಿ ಎಂಜಿನ್ ಮುಂದಿದ್ದರೂ ಭಾರ ಮುಂದೆ ಹಿಂದೆ ಸರಿಸುಮಾರು ಸಮ. ತಿರುವಿನಲ್ಲಿ ಅದೊಂದು ಗುಣವೇ.

ಆದರೆ ಹಾಳೆಯಲ್ಲಿ ಒಂದು ಕಾಲಮ್ಮು ಇರಲಿಲ್ಲ: ಈ ಕಾರು ಓಡುವುದೆಲ್ಲಿ? ‘ಬಾ, ಅದನ್ನೂ ತುಂಬೋಣ’ ಎಂದು ತಂದೆಮಗ ಇಬ್ಬರನ್ನೂ ಹೊರಡಿಸಿದೆ.

ಸಂಜೆ ಆರರ ಹೊತ್ತು, ಅವನ ಈಗಿನ ಸಣ್ಣ ಕಾರು. ಕೆ.ಆರ್. ಪುರದ ತೂಗುಸೇತುವೆಯ ಬಳಿಯಿಂದ ಹೂಡಿಯ ಕಡೆಗೆ ಹೊರಟೆವು. ಮೀಟರ್ ತೋರಿಸಿದ್ದು 4.5 ಕಿ.ಮೀ., ನನ್ನ ಗಡಿಯಾರ ತೋರಿಸಿದ್ದು 27 ನಿಮಿಷ. ಗಂಟೆಗೆ 10 ಕಿ.ಮೀ. ಆಯಿತು. ಸೈಕಲ್ಲಿನ ಹಾಲಿನವನೊಬ್ಬ ನಮ್ಮನ್ನು ಎರಡು ಸಲ ದಾಟಿ ಹೋದ. ದಾರಿಯಲ್ಲಿ ತಂದೆ ತಮ್ಮ ಕಾಲದ ರಸ್ತೆಯನ್ನು ತೋರಿಸುತ್ತ ಬಂದರು. 2019ರಲ್ಲಿ ಮುಚ್ಚಿದ ಗ್ರಾಫೈಟ್ ಇಂಡಿಯಾ ಕಾರ್ಖಾನೆಯ ಹೆಸರು ಮುಂದಿನ ಜಂಕ್ಷನ್ನಿಗೆ ಇನ್ನೂ ಅಂಟಿಕೊಂಡಿದೆ.

ಅಂದ ಹಾಗೆ, ಸ್ಪೋರ್ಟ್ಸ್ ಕಾರಿಗೂ ಈ ರಸ್ತೆಗೂ ಹಳೆಯ ನಂಟಿದೆ. ಕಾರ್ಖಾನೆಗಳ ಒಳಗೆ ಸರಕು ಎಳೆಯುವ ಡೀಸೆಲ್ ಲೋಕೋಮೋಟಿವ್‌ಗಳನ್ನು ಮಾಡುವ ಸ್ಯಾನ್ ಎಂಜಿನಿಯರಿಂಗ್ ಕಂಪನಿಯ ವಿಳಾಸ ವೈಟ್‌ಫೀಲ್ಡ್ ರಸ್ತೆಯೇ. ಅದರ ಕಾರು ವಿಭಾಗ 1990ರ ದಶಕದ ಕೊನೆಯಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ, ಮಾಡು ತೆಗೆಯಬಹುದಾದ ಎರಡು ಸೀಟಿನ ಕಾರನ್ನು ಹೊರತಂದಿತು. ತಯಾರಾದದ್ದು ಗೋವಾದಲ್ಲಿ. ಫೈಬರ್‌ಗ್ಲಾಸ್ ಮೈ, ರೆನೋ ಕಂಪನಿಯ 1149 ಸಿ.ಸಿ. ಎಂಜಿನ್, ಬರೀ 60 ಅಶ್ವಶಕ್ತಿ. ಹೆಚ್ಚು ಮಾರಾಟವಾಗಲಿಲ್ಲ. ಇವತ್ತಿನ ಈ ಎರಡು ಕಾರುಗಳ ಪಕ್ಕದಲ್ಲಿ ಅದು ಗೊಂಬೆ. ಆದರೂ ಸಂಜೆ ಆರಕ್ಕೆ ಇದೇ ರಸ್ತೆಗೆ ತಂದು ಬಿಟ್ಟಿದ್ದರೆ ಅದೂ 27 ನಿಮಿಷಕ್ಕೇ ಹೂಡಿ ಮುಟ್ಟುತ್ತಿತ್ತು.

ಹುಡುಗನೇನೂ ಸೋಲಲಿಲ್ಲ. ‘ರಾತ್ರಿ ಹನ್ನೊಂದರ ಮೇಲೆ ರಸ್ತೆ ಖಾಲಿ ಇರುತ್ತೆ ಸಾರ್.’ ಸರಿ ಎಂದು ಗರುಡಾಚಾರ್‌ಪಾಳ್ಯ ನಿಲ್ದಾಣದ ಕೆಳಗೆ ಇಳಿದೆವು. ಮೆಟ್ರೊ ಕಂಬದಿಂದ ಕಂಬಕ್ಕೆ ಫುಟ್‌ಪಾತಿನ ಮೇಲೆ ಹೆಜ್ಜೆ ಹಾಕಿ ಅಳೆದೆವು. ನನ್ನ ಹೆಜ್ಜೆಯಲ್ಲಿ ಸುಮಾರು 28 ಮೀಟರ್ ಬಂತು. ಇನ್ನು ಒಂಬತ್ತನೇ ತರಗತಿಯ ಲೆಕ್ಕ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ 27.8 ಮೀಟರ್. 4.5 ಸೆಕೆಂಡಿನಲ್ಲಿ ಆ ವೇಗ ಮುಟ್ಟಲು ಬೇಕಾದ ದೂರ 62 ಮೀಟರ್ ಚಿಲ್ಲರೆ. ಅಡ್ಡ ಬಂದ ನಾಯಿಯನ್ನೋ ಮಗುವನ್ನೋ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಹಿಡಿಯಿತೆನ್ನಿ, ಅಷ್ಟರಲ್ಲಿ ಮತ್ತೆ 28 ಮೀಟರ್. ಬಹಳ ಒಳ್ಳೆಯ ಬ್ರೇಕು, ಒಣ ರಸ್ತೆ ಇದ್ದರೂ ನಿಲ್ಲಲು ಸುಮಾರು 40 ಮೀಟರ್. ಒಟ್ಟು 130. ಮೊದಲ ಕಂಬದಿಂದ ಹೊರಟವನು ಆರನೇ ಕಂಬದ ಹತ್ತಿರ ನಿಂತಿರುತ್ತಾನೆ. ಅಷ್ಟರೊಳಗೆ ಏನೆಲ್ಲ ಇದೆ ಎಂದು ಮೂವರೂ ಎಣಿಸಿದೆವು: ಎರಡು ಗಲ್ಲಿ ಬಾಯಿ, ಒಂದು ಬಸ್ ನಿಲ್ದಾಣ, ಒಂದು ಗೋಬಿ ಗಾಡಿ, ರಸ್ತೆ ದಾಟಲು ಕಾಯುತ್ತಿದ್ದ ಜನ.

‘ಮತ್ತೆ 4.2ಕ್ಕೂ 4.5ಕ್ಕೂ ವ್ಯತ್ಯಾಸ?’ ಎಂದು ಕೇಳಿದ. ಇದು ಸರಿಯಾದ ಪ್ರಶ್ನೆ. ಸ್ಟೇಷನರಿ ಅಂಗಡಿಯಿಂದ ಮೂವತ್ತು ಸೆಂಟಿಮೀಟರಿನ ಸ್ಕೇಲು ತರಿಸಿದೆ. ಮಕ್ಕಳೇ, ನೀವೂ ಮಾಡಿ ನೋಡಬಹುದು. ಒಬ್ಬರು ಸ್ಕೇಲನ್ನು ಲಂಬವಾಗಿ ಹಿಡಿದು ಹೇಳದೆ ಬಿಡಬೇಕು; ಕೆಳಗೆ, ಸೊನ್ನೆಯ ಬಳಿ ಬೆರಳಿಟ್ಟುಕೊಂಡವರು ಥಟ್ಟನೆ ಹಿಡಿಯಬೇಕು. 20 ಸೆಂ.ಮೀ. ಬಿದ್ದಿದ್ದರೆ ಕಳೆದ ಕಾಲ 0.2 ಸೆಕೆಂಡ್. ಮಗ 20ಕ್ಕೆ ಹಿಡಿದ, ಅರವತ್ತು ದಾಟಿದ ತಂದೆ 24ಕ್ಕೆ. ನನ್ನ ಕೈಗೆ ಸ್ಕೇಲು ಸಿಕ್ಕಲೇ ಇಲ್ಲ. ಬರೀ ಬೆರಳು ಮುಚ್ಚುವುದಕ್ಕೇ ಇಷ್ಟು ಹೊತ್ತು. ರಸ್ತೆಯಲ್ಲಿ ಅಡ್ಡ ಬಂದದ್ದೇನೆಂದು ಗುರುತಿಸಿ ಕಾಲು ಎತ್ತಿ ಇಡಲು ಅದಕ್ಕಿಂತ ಬಹಳ ಹೆಚ್ಚು. ಎರಡು ಕಾರುಗಳ ಅಂತರ 0.3 ಸೆಕೆಂಡ್. ಅದಕ್ಕೆ ಬೆಲೆ 90 ಲಕ್ಷದಷ್ಟು ಹೆಚ್ಚು.

ಹೆದ್ದಾರಿಯ ಮಾತೂ ಬಂತು. ಭಾನುವಾರ ನಸುಕಿನಲ್ಲಿ ಹೊಸಕೋಟೆ ದಾಟಿ ಕೋಲಾರದ ಕಡೆ ಹೋಗುತ್ತೇನೆಂದ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಗರಿಷ್ಠ ಮಿತಿ 100 ಕಿ.ಮೀ. ಅಲ್ಲಿ 250ಕ್ಕೂ 293ಕ್ಕೂ ಏನು ಭೇದ?

ವಾಪಸು ಮನೆಯ ಗಲ್ಲಿಗೆ ತಿರುಗಿದಾಗ ಇನ್ನೊಂದು ಪರೀಕ್ಷೆ ತಾನಾಗಿಯೇ ಎದುರಾಯಿತು. ನಮ್ಮ ದೇಶದ ರಸ್ತೆ ಮಾನಕದ ಪ್ರಕಾರ ಹಂಪ್ ಎಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ನುಣುಪಾದ ದಿಬ್ಬ. ಗಲ್ಲಿಯವರೇ ಸಿಮೆಂಟು ಸುರಿದು ಕಟ್ಟಿದ್ದು ಒಂದು ಮೊಳವೂ ಅಗಲವಿಲ್ಲದ ಗೋಡೆ. ಒಂದು ಗೇಣೂ ನೆಲ ಬಿಡದ ಕಾರು ಅದನ್ನು ದಾಟುವ ಬಗೆ ಹೇಗೆ? ಮೂತಿಯನ್ನು ಸ್ವಲ್ಪ ಮೇಲೆತ್ತುವ ಸಾಧನವನ್ನು ಪೋರ್ಷೆಯಲ್ಲಿ ಬೇರೆ ಹಣ ಕೊಟ್ಟು ಹಾಕಿಸಿಕೊಳ್ಳಬಹುದಂತೆ. ತಂದೆ ಅದನ್ನು ಕೇಳಿ ಮೊದಲ ಸಲ ನಕ್ಕರು.

ಉಳಿದದ್ದು ದುಡ್ಡಿನ ಮಾತು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಅಗ್ಗದ ಕಾರಿಗೇ 16 ಲಕ್ಷ 20 ಸಾವಿರ ತೆರಿಗೆಗೆ ಹೋಗುತ್ತದೆ, ಅದೂ ಸೆಸ್ ಬಿಟ್ಟು. ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದರೆ ಜೆಡ್4 ಎಂದೆ. ಸೈಟು ಮಾರಿ ಕೊಳ್ಳುವುದಾದರೆ ಎರಡೂ ಬೇಡ ಎಂದೂ ಹೇಳಿದೆ. ಅವನು ‘ನೋಡ್ತೀನಿ ಸಾರ್’ ಎಂದ. ಮುಖ ಸಣ್ಣದಾಗಿತ್ತು. ಮೆಟ್ರೊದಲ್ಲಿ ಹಿಂದಿರುಗುವಾಗ ಸ್ವಲ್ಪ ಕೆಟ್ಟೆನಿಸಿತು. ಮೂವತ್ತು ದಾಟಿದವನ ಆಸೆಗೆ ಸ್ಕೇಲು ಹಿಡಿದು ಹೋಗಿದ್ದೆನಲ್ಲ ಎಂದು.

ಎರಡು ವಾರ ಬಿಟ್ಟು ಫೋನ್ ಬಂತು. ‘ಸಾರ್, ಸ್ಕೇಲು ತಗೊಂಡು ಷೋರೂಮಿಗೆ ಹೋಗಿದ್ದೆ. ಅಲ್ಲಿಯ ಹುಡುಗ 17ಕ್ಕೇ ಹಿಡಿದುಬಿಟ್ಟ!’ ಆಮೇಲೆ ಒಂದು ಕ್ಷಣ ಸುಮ್ಮನಿದ್ದು ಹೇಳಿದ: ‘ಸೈಟು ಮಾರಲ್ಲ. ಕಾರಿನ ಆಸೆ ಬಿಟ್ಟಿಲ್ಲ. ಯಾರಾದರೂ ಓಡಿಸಿದ ಜೆಡ್4 ಸಿಕ್ಕರೆ ಮುಂದೆ ನೋಡ್ತೀನಿ.’ ಹಿಂದಿನಿಂದ ತಂದೆಯ ದನಿ ಕೇಳಿಸಿತು: ‘ಮೇಷ್ಟ್ರನ್ನ ಭಾನುವಾರ ಊಟಕ್ಕೆ ಕರಿಯಪ್ಪ. ಮೆಟ್ರೊದಲ್ಲೇ ಬರಲಿ, ಕಾರು ಕಳಿಸಬೇಡ, ಅನ್ನ ಆರಿಹೋಗುತ್ತೆ.’