ನಾಲ್ಕು ವಾರಕ್ಕಾಗಿ ಒಂದು ವಾರ

ವಿದ್ಯಾರ್ಥಿ ಜೀವನ ಬಂಗಾರದ ಜೀವನ ಎಂದು ಹಿರಿಯರು ಹೇಳುತ್ತಾರೆ. ಆ ಮಾತನ್ನು ಅಲ್ಲಗಳೆಯುವಷ್ಟು ದೊಡ್ಡವಳು ನಾನಲ್ಲ. ಆದರೆ ಈಗಿನ ಕಾಲೇಜು ಮಕ್ಕಳ ಒಂದು ವಾರ ಹೇಗೆ ಕಳೆಯುತ್ತದೆಂಬುದು ಮನೆಯಲ್ಲಿರುವ ತಂದೆ-ತಾಯಿಗಳಿಗೆ ತಿಳಿದರೆ ಒಳ್ಳೆಯದೆಂದು ತೋರಿದ್ದರಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ಫೋನು ಬಂದಾಗ “ಊಟಾ ಆತೇನು? ಅಭ್ಯಾಸ ನಡದೈತೇನು?” ಎಂಬ ಎರಡು ಪ್ರಶ್ನೆಗಳಿಗೆ ನಾವು “ಹೂಂ” ಎಂದು ಹೇಳಿ ಮುಗಿಸುತ್ತೇವೆ. ಹೇಳದೆ ಉಳಿದದ್ದು ಬಹಳ ಇರುತ್ತದೆ.

ನಮ್ಮದು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದ ಹಳ್ಳಿ. 1948ರವರೆಗೆ ಜತ್ತ ಒಂದು ಸಣ್ಣ ಸಂಸ್ಥಾನವಾಗಿತ್ತು. ಆಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ನಾವು ಗಡಿಯ ಈಚೆಗೆ ಉಳಿದೆವು; 1960ರಿಂದ ಮಹಾರಾಷ್ಟ್ರದವರಾದೆವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ಕಚೇರಿಯಲ್ಲಿ ಮರಾಠಿ. ಏಳನೆಯ ತರಗತಿಯವರೆಗೆ ಊರ ಕನ್ನಡ ಶಾಲೆಯಲ್ಲಿ, ಮುಂದೆ ಮರಾಠಿ ಹೈಸ್ಕೂಲಿನಲ್ಲಿ ಕಲಿತ ನಾನು ಈಗ ಸಾಂಗಲಿಯ ಹಾಸ್ಟೆಲಿನಲ್ಲಿದ್ದುಕೊಂಡು ಇಂಗ್ಲಿಷಿನಲ್ಲಿ ಕಾನೂನು ಓದುತ್ತಿದ್ದೇನೆ. ಐದು ವರ್ಷದ ಕೋರ್ಸಿನಲ್ಲಿ ಇದು ನಾಲ್ಕನೆಯ ವರ್ಷ.

ಡಾಕ್ಟರಾಗುವವರು ಆಸ್ಪತ್ರೆಯಲ್ಲಿ ಕೆಲಸ ಕಲಿಯುವಂತೆ ವಕೀಲರಾಗುವವರೂ ಓದುವಾಗಲೇ ಹೊರಗೆ ಹೋಗಿ ಕೆಲಸ ಕಲಿಯಬೇಕು. ಇದಕ್ಕೆ ಇಂಟರ್ನ್‌ಶಿಪ್ ಎನ್ನುತ್ತಾರೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದಂತೆ ಐದು ವರ್ಷದ ಕೋರ್ಸಿಗೆ 20 ವಾರ, ಮೂರು ವರ್ಷದ ಕೋರ್ಸಿಗೆ 12 ವಾರ ಆಗಬೇಕು. ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಸೇವಾ ಸಂಸ್ಥೆ, ಕಂಪನಿ, ದೊಡ್ಡ ವಕೀಲ ಕಚೇರಿ ಎಲ್ಲಿಯಾದರೂ ಮಾಡಬಹುದು. ಆದರೆ ಓದು ಮುಗಿಯುವುದರೊಳಗೆ ಒಮ್ಮೆಯಾದರೂ ಕೋರ್ಟಿನಲ್ಲಿ ವಾದಿಸುವ ವಕೀಲರ ಕೈಕೆಳಗೆ ಇರಲೇಬೇಕು. ನನ್ನವು 12 ವಾರ ಮುಗಿದಿವೆ. ಉಳಿದದ್ದು ಎರಡು ಸರದಿ: ಬರುವ ಡಿಸೆಂಬರಿನದೊಂದು, ಕೊನೆಯ ವರ್ಷದ್ದೊಂದು. ಡಿಸೆಂಬರಿನ ಆ ನಾಲ್ಕು ವಾರಕ್ಕಾಗಿ ಶ್ರಾವಣದ ಒಂದು ವಾರ ಹೇಗೆ ಹೋಯಿತೆಂಬುದನ್ನೇ ಇಲ್ಲಿ ಹೇಳುತ್ತೇನೆ.

ಸೋಮವಾರ ಅರ್ಜಿಗಳಿಗೆ ಕುಳಿತೆ. ಪುಣೆಗೆ ನಾಲ್ಕು, ಮುಂಬಯಿಗೆ ಒಂದು, ಜತ್ತದ ಒಬ್ಬ ವಕೀಲ ಮೇಡಂ ಅವರಿಗೆ ಒಂದು. ಒಬ್ಬರಿಗೆ ಬಯೋಡಾಟಾ ಒಂದೇ ಪುಟದಲ್ಲಿರಬೇಕು, ಇನ್ನೊಬ್ಬರಿಗೆ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಬೇಕು, ಮತ್ತೊಬ್ಬರಿಗೆ ಪ್ರಾಚಾರ್ಯರ ಪತ್ರ. ಎಲ್ಲಕ್ಕಿಂತ ಕಠಿಣವಾದದ್ದು “ನಿಮ್ಮನ್ನೇ ಏಕೆ ಆರಿಸಬೇಕು?” ಎಂಬ ಪ್ರಶ್ನೆ. 200 ಶಬ್ದಗಳಲ್ಲಿ ಉತ್ತರ ಬರೆಯಬೇಕು. ತನ್ನನ್ನು ತಾನು ಹೊಗಳಿಕೊಳ್ಳಬಾರದೆಂದು ಕಲಿಸಿದ ಮನೆಯಿಂದ ಬಂದವರಿಗೆ ಈ 200 ಶಬ್ದ ಬರೆಯುವುದು ಪರೀಕ್ಷೆಗಿಂತ ಕಷ್ಟ. ಮೆಸ್ಸು ತೆರೆಯುವುದು ರಾತ್ರಿ ಎಂಟಕ್ಕೆ. ನನ್ನ ಊಟ ಹೊತ್ತು ಮುಳುಗುವ ಮೊದಲೇ ಡಬ್ಬಿಯಲ್ಲಿ ಆಗಿರುತ್ತದೆ. ಹೀಗಾಗಿ ಎಲ್ಲರೂ ಊಟಕ್ಕೆ ಹೋದಾಗ ಕೋಣೆ ಶಾಂತವಾಗಿರುತ್ತದೆ. ಮೂರು ಅರ್ಜಿಗಳನ್ನು ಆ ಹೊತ್ತಿನಲ್ಲೇ ಮುಗಿಸಿದೆ.

ಮಂಗಳವಾರ ಕೋಣೆಯ ಗೆಳತಿಯ ಮುಖ ಸಪ್ಪಗಿತ್ತು. ಅವಳು ಕೊಂಕಣದ ಕಡೆಯವಳು, ಮನೆಮಾತು ಮರಾಠಿ. ನಾಲ್ಕು ವರ್ಷದಿಂದ ಒಂದೇ ಕೋಣೆ, ಒಂದೇ ಪುಸ್ತಕ. ಪುಣೆಯ ಒಂದು ಕಚೇರಿಗೆ ಇಬ್ಬರೂ ಅರ್ಜಿ ಹಾಕಿದ್ದೆವು. ನಮ್ಮ ಕಾಲೇಜಿನಿಂದ ಒಬ್ಬರನ್ನೇ ತೆಗೆದುಕೊಳ್ಳುತ್ತಾರೆಂದು ಅಂದು ಗೊತ್ತಾಯಿತು. ತಿಂಗಳಿಗೆ ಹತ್ತು ಸಾವಿರ ಕೊಡುತ್ತಾರೆ, ಚೆನ್ನಾಗಿ ಮಾಡಿದವರನ್ನು ಮುಂದೆ ನೌಕರಿಗೂ ಕರೆಯುತ್ತಾರೆ. ಇಬ್ಬರಿಗೂ ಬೇಕಾದದ್ದೇ. ಸಂಜೆ ಅವಳು ತನ್ನ ಅರ್ಜಿ ತೋರಿಸಿ “ಇಂಗ್ಲಿಷ್ ಸರಿ ಇದೆಯೇ ನೋಡು” ಎಂದಳು. ನೋಡಿ ಎರಡು ಕಡೆ ತಿದ್ದಿದೆ. ನನ್ನದನ್ನು ಅವಳು ನೋಡಿದಳು. ಅಷ್ಟಾದ ಮೇಲೆ ಇಬ್ಬರಿಗೂ ನಿದ್ದೆ ಬಂತು.

ಬುಧವಾರ ಅಪ್ಪನ ಫೋನು. ನಮ್ಮದು ಎರಡು ಎಕರೆ ದಾಳಿಂಬೆ ತೋಟ. ಅಂಬೆ ಬಹಾರದ ಹಣ್ಣು ಇಳಿಸುವ ಕಾಲ. ಮೋಡ ಹಿಡಿದು ಮಳೆ ಕುಳಿತರೆ ತೇಲ್ಯಾ ರೋಗ ಬಂದು ಹಣ್ಣಿನ ಮೇಲೆ ಕರಿ ಚುಕ್ಕೆ ಏಳುತ್ತದೆ, ಧಾರಣೆ ಅರ್ಧಕ್ಕರ್ಧ ಇಳಿಯುತ್ತದೆ. “ಆಯೀನ ಕಣ್ಣ ತೋರಸಾಕ ಮಿರಜಕ್ಕ ಕರಕೊಂಡ ಹೋಗಬೇಕಾಗೈತಿ. ನಾ ತ್ವಾಟಾ ಬಿಟ್ಟ ಬರಾಕ ಆಗೂದಿಲ್ಲ. ಕಾಕಾ ಕರಕೊಂಡ ಬರ್ತಾನು, ನೀ ಅಲ್ಲಿ ಹೋಗವ್ವಾ” ಎಂದರು. ಅಜ್ಜಿಗೆ ನಾವು ಆಯಿ ಎನ್ನುತ್ತೇವೆ. ಅಷ್ಟರಲ್ಲಿ ಅವ್ವ ಫೋನು ಇಸಿದುಕೊಂಡಳು. ರವಿವಾರ ಅಥಣಿ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಹುಡುಗ ಪುಣೆಯಲ್ಲಿ ಇಂಜಿನಿಯರು. “ನಿನಗೂ ಪುಣೆದಾಗ ಸಿಕ್ಕರ ಹೆಂಗ ಕೂಡಿ ಬರ್ತೈತಿ ನೋಡು” ಎಂದಳು. ನಾನು ಪುಣೆಗೆ ಅರ್ಜಿ ಹಾಕಿದ್ದು ಆ ಹುಡುಗನ ಸುದ್ದಿ ಬರುವ ಮೊದಲು. ಆದರೆ ಅವ್ವನ ಧ್ವನಿಯಲ್ಲಿದ್ದ ಸಂತೋಷ ಕೇಳಿ ಆ ಮಾತು ಹೇಳಲಿಲ್ಲ.

ಗುರುವಾರ ಮಿರಜ. ಡಾಕ್ಟರರು ಮರಾಠಿಯವರು, ಆಯಿಗೆ ಕನ್ನಡ ಬಿಟ್ಟು ಬೇರೆ ಬಾರದು. ಏನು ತೊಂದರೆಯೆಂದು ಕೇಳಿದಾಗ ಆಯಿ ಹೇಳುತ್ತ ಹೋದಳು: “ಮಂಜ ಕವದಂಗ ಆಗತೈತ್ರಿ. ರಾತ್ರಿ ಎದ್ದರ ಹೊಸ್ತಲಾ ಕಾಣೂದಿಲ್ಲ. ಎರಡ ಸರ್ತಿ ಬಿದ್ದೀನ್ರಿ. ಮನ್ಯಾಗ ಯಾರಿಗೂ ಹೇಳಿಲ್ಲ.” ಕಾಕಾ ಮರಾಠಿಯಲ್ಲಿ “ಕಣ್ಣು ಮಂಜಾಗಿದೆ ಎನ್ನುತ್ತಾರೆ” ಎಂದು ಮುಗಿಸಿದರು. ಅವರು ಸುಳ್ಳು ಹೇಳಲಿಲ್ಲ, ಉದ್ದನ್ನ ಮಾತನ್ನು ಗಿಡ್ಡ ಮಾಡಿದರು. ಹೊರಗೆ ಸರತಿಯಲ್ಲಿ ಜನ ಕಾಯುತ್ತಿದ್ದರು. ಉಳಿದದ್ದನ್ನು ನಾನು ಹೇಳಿದೆ. ಡಾಕ್ಟರರು ಬರೆಯುವುದನ್ನು ನಿಲ್ಲಿಸಿ, ಎಲ್ಲಿ ಬಿದ್ದರು, ತಲೆಗೆ ಪೆಟ್ಟಾಯಿತೇ ಎಂದು ಒಂದೊಂದಾಗಿ ಕೇಳಿ, ಬಲಗೈ ಮಣಿಕಟ್ಟು ಒತ್ತಿ ನೋಡಿ, ಎಕ್ಸ್-ರೇ ಬರೆದುಕೊಟ್ಟರು. ಎಲುಬಿಗೆ ಏನೂ ಆಗಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಒಂದು ಅಕ್ಟೋಬರಿನಲ್ಲಿ, ಇನ್ನೊಂದು ಡಿಸೆಂಬರಿನಲ್ಲಿ ಮಾಡೋಣವೆಂದು ಠರಾಯಿಸಿತು. ಆಪರೇಷನ್ ಆದಮೇಲೆ ಕೆಲವು ವಾರ ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕು. ಹೊರಗೆ ಬಂದ ಮೇಲೆ ಆಯಿ ನನ್ನ ಕೈ ಹಿಡಿದು “ಅಂವಾ ನಾ ಹೇಳಿದ್ದ ಎಲ್ಲಾ ಕೇಳಿದ ನೋಡ” ಎಂದಳು.

ಶುಕ್ರವಾರ ಪುಣೆಯ ಕಚೇರಿಯಿಂದ ಫೋನಿನಲ್ಲಿ ಸಂದರ್ಶನ. ಇಪ್ಪತ್ತು ನಿಮಿಷ ಬಹಳ ಸೌಜನ್ಯದಿಂದ ಮಾತನಾಡಿದರು. ಯಾವ ಯಾವ ಭಾಷೆ ಬರುತ್ತವೆಂದು ಕೇಳಿದಾಗ ಇಂಗ್ಲಿಷ್, ಮರಾಠಿ, ಹಿಂದಿ, ಕನ್ನಡ ಎಂದೆ. “ಮೊದಲಿನ ಮೂರು ಸಾಕು, ಕನ್ನಡದ ಕೆಲಸ ನಮ್ಮಲ್ಲಿಲ್ಲ” ಎಂದರು. ಇದ್ದದ್ದನ್ನೇ ಹೇಳಿದರು, ಬೇಸರಿಸುವಂಥದ್ದೇನಲ್ಲ.

ಶನಿವಾರ ಎಸ್.ಟಿ. ಹಿಡಿದು ಜತ್ತಕ್ಕೆ ಬಂದೆ. ಎರಡೂವರೆ ಗಂಟೆಯ ದಾರಿ. 2023ರಲ್ಲಿ ಹೆಂಗಸರಿಗೆ ಅರ್ಧ ಟಿಕೀಟು ಮಾಡಿದಾಗಿನಿಂದ ವಾರವಾರ ಊರಿಗೆ ಬರುವುದು ನಮ್ಮಂಥವರ ಕೈಗೆ ಎಟುಕಿದೆ. ವಕೀಲ ಮೇಡಂ ಅವರ ಕಚೇರಿಯೆಂದರೆ ಮನೆಯ ಮುಂದಿನ ಕೋಣೆ. ಅವರು ನನ್ನ ಅರ್ಜಿಯನ್ನು ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿದರು: “ಒಬ್ಬ ಮುದುಕಿ ಬಂದು ‘ಹೊಲಾ ಲಾವಣಿ ಹಾಕೀನ್ರಿ’ ಅಂದಳಂತ ತಿಳಿ. ಮರಾಠಿಯಾಗ ಹೆಂಗ ಬರೀತಿ?”

ನಮ್ಮ ಕಡೆಯ ಕನ್ನಡದಲ್ಲಿ ಲಾವಣಿ ಹಾಕುವುದೆಂದರೆ ಹೊಲವನ್ನು ಹಣಕ್ಕೆ ಬೇರೆಯವರಿಗೆ ಉಳಲು ಕೊಡುವುದು. ಮರಾಠಿಯಲ್ಲಿ ಲಾವಣಿ ಎಂದರೆ ಸಸಿ ನೆಡುವುದು, ನಾಟಿ ಮಾಡುವುದು. ಶಬ್ದ ಒಂದೇ ಎಂದು ಹಾಗೆಯೇ ಬರೆದುಕೊಂಡರೆ ಬೇರೆಯವರ ಸಾಗುವಳಿಯಲ್ಲಿರುವ ಹೊಲ ಕಾಗದದ ಮೇಲೆ ಮುದುಕಿಯ ಸ್ವಂತ ಸಾಗುವಳಿಯಾಗಿ ಹೋಗುತ್ತದೆ. ಹೊಲದ ದಾವೆಯಲ್ಲಿ ಯಾರು ಉಳುತ್ತಿದ್ದರೆಂಬುದೇ ಜೀವಾಳ. “‘ಖಂಡಾನೆ ದಿಲಿ’ ಅಂತ ಬರೀತೀನ್ರಿ” ಎಂದೆ. ಅವರು ನಕ್ಕು, “ಡಿಸೆಂಬರದಾಗ ಬಾ. ಪಗಾರ ಇಲ್ಲ, ಚಾ ಅಷ್ಟ. ಮೂರ ದಾವೆದಾಗ ಸಾಕ್ಷಿ ಸುರು ಆಗ್ತಾವು, ಎಲ್ಲಾ ಕನ್ನಡ ಮಂದಿ” ಎಂದರು.

ಇಲ್ಲಿ ಓದುಗರಿಗೆ ಎರಡು ಮಾತು ತಿಳಿಸಬೇಕು. ಸಿವಿಲ್ ದಾವೆಯಲ್ಲಿ ಸಾಕ್ಷಿಯ ಮುಖ್ಯ ಹೇಳಿಕೆ ಅಫಿಡವಿಟ್ಟಿನಲ್ಲಿ ಬರೆದು ಸಲ್ಲಿಸುವಂಥದ್ದು. ಅದು ತಯಾರಾಗುವುದು ವಕೀಲರ ಕಚೇರಿಯಲ್ಲಿ. ಅಲ್ಲಿ ಸರಿಯಾಗಿ ಕೇಳಿಸಿಕೊಳ್ಳುವವರು ಇಲ್ಲದಿದ್ದರೆ ಕೋರ್ಟಿಗೆ ಹೋಗುವ ಮೊದಲೇ ಮಾತು ಕೆಟ್ಟಿರುತ್ತದೆ. ಕ್ರಿಮಿನಲ್ ಪ್ರಕರಣಗಳಲ್ಲಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 312ನೆಯ ಕಲಮಿನಂತೆ, ಕೋರ್ಟಿನ ಭಾಷೆ ಬಾರದ ಸಾಕ್ಷಿಯ ಮಾತನ್ನು ಸಾಧ್ಯವಿದ್ದರೆ ಅವರ ಭಾಷೆಯಲ್ಲೇ ಬರೆದುಕೊಳ್ಳಬಹುದು; ಸಾಕ್ಷಿಯ ಮಾತಿನ ನಿಜವಾದ ಅನುವಾದ ಕಡತದಲ್ಲಿರಬೇಕು. ದುಭಾಷಿಯಾದವರು ಇದ್ದದ್ದನ್ನು ಇದ್ದಂತೆ ಹೇಳಲು ಬದ್ಧರು ಎಂದು 317ನೆಯ ಕಲಮು ಹೇಳುತ್ತದೆ. ಈ ಕಲಮುಗಳನ್ನು ಪರೀಕ್ಷೆಗಾಗಿ ಎಷ್ಟೋ ಸಲ ಬಾಯಿಪಾಠ ಮಾಡಿದ್ದೆ. ಮಿರಜದ ಆಸ್ಪತ್ರೆಯಿಂದ ಬಂದ ಮೇಲೆ ಅವುಗಳಿಗೊಂದು ಮುಖ ಬಂತು.

ಅದೇ ಸಂಜೆ ಪುಣೆಯಿಂದ ಮಿಂಚಂಚೆ: ನಿಮ್ಮನ್ನು ಆರಿಸಿದ್ದೇವೆ, ರವಿವಾರ ರಾತ್ರಿ ಎಂಟರೊಳಗೆ ಒಪ್ಪಿಗೆ ತಿಳಿಸಿರಿ.

ರವಿವಾರ ಮುಂಜಾನೆ ತೋಟದಲ್ಲಿ ಅಪ್ಪನ ಜೊತೆ ಹಣ್ಣು ಆರಿಸುತ್ತ ಸಂಗತಿ ಹೇಳಿದೆ. “ಪುಣೆದಾಗ ಎಷ್ಟ ಕೊಡ್ತಾರ?” “ಹತ್ತ ಸಾವಿರ.” “ಜತ್ತದಾಗ?” “ಚಾ.” ಅಪ್ಪ ನಕ್ಕರು. ಚುಕ್ಕೆ ಬಿದ್ದ ಹಣ್ಣನ್ನು ಬೇರೆ ಕ್ರೇಟಿಗೆ ಹಾಕುತ್ತ ಸ್ವಲ್ಪ ಹೊತ್ತಾದ ಮೇಲೆ, “ಹತ್ತ ಸಾವಿರ ಅಂದ್ರ ಸಣ್ಣ ರೊಕ್ಕಲ್ಲವ್ವಾ. ಆದ್ರ ಲೆಕ್ಕಾ ನಿಂದು, ನೀನ ಹಾಕು” ಎಂದರು.

ಹನ್ನೊಂದಕ್ಕೆ ಅಥಣಿ ಕಡೆಯವರು ಬಂದರು. ಒಳ್ಳೆಯ ಮಂದಿ. ಉಪ್ಪಿಟ್ಟು, ಚಹಾ ಆದ ಮೇಲೆ ಹುಡುಗನ ತಾಯಿ “ಪುಣೆದಾಗ ಸಿಕ್ಕೈತೆಂತಲ್ಲ, ಚಲೋ ಆತು” ಎಂದರು. ಅವ್ವ ನನ್ನ ಕಡೆ ನೋಡಿದಳು. “ಸಿಕ್ಕೈತ್ರಿ ಅಬಚಿ, ಆದರ ಈ ಸಲ ಜತ್ತದಾಗ ಮಾಡಾಕಿ ಇದ್ದೀನ್ರಿ. ಪರೀಕ್ಷಾ ಮುಗದ ಮ್ಯಾಲೂ ಕೋರ್ಟಿನಾಗ ಕೆಲಸಾ ಮಾಡಬೇಕಂತ ಆಸೆ ಐತ್ರಿ” ಎಂದೆ. ಹುಡುಗ ಮಾತ್ರ “ಅಲ್ಲಿ ಏನ ಕಲಿಯಾಕ ಸಿಗತೈತ್ರಿ?” ಎಂದು ಕೇಳಿದ. ಲಾವಣಿಯ ಸಂಗತಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ವಿಚಾರ ಮಾಡಿ ತಿಳಿಸುತ್ತೇವೆಂದು ಹೇಳಿ ಹೋದರು.

ಅವರು ಹೋದ ಮೇಲೆ ಅವ್ವ, “ಹೂಂ ಅಂದಿದ್ರ ಏನ ಹೋಗ್ತಿತ್ತ?” ಎಂದು ಕಣ್ಣೊರಸಿಕೊಂಡಳು. ನನಗೂ ಸಂಕಟವಾಯಿತು. “ಇವತ್ತ ಹೂಂ ಅಂದ್ರ ಮುಂದ ನಾ ದಿನಾ ಹೂಂ ಅನಬೇಕಾಗತೈತವ್ವ. ಅವರಿಗೂ ಮೋಸ, ನಿನಗೂ ಮೋಸ” ಎಂದೆ. ಅವಳು ಉತ್ತರ ಕೊಡಲಿಲ್ಲ. ಆದರೆ ಹೊತ್ತು ಮುಳುಗುವ ಮೊದಲು ಊಟಕ್ಕೆ ಕರೆದು ತಾನೇ ಬಡಿಸಿದಳು.

ಏಳೂವರೆಗೆ ಗೆಳತಿಗೆ ಮೊದಲು ಫೋನು ಮಾಡಿ ತಿಳಿಸಿ, ಆಮೇಲೆ ಪುಣೆಗೆ ಬರೆದೆ: ಈ ಸಲ ಬರಲಾಗುವುದಿಲ್ಲ, ಮುಂದಿನ ವರ್ಷದ ಸರದಿಗೆ ಪರಿಗಣಿಸಬೇಕೆಂದು ವಿನಂತಿ. ನಷ್ಟ ಇದೆ ಎಂಬುದು ನನಗೆ ಗೊತ್ತು. ಮುಂದಿನ ವರ್ಷ ಅವರು ಕರೆಯುತ್ತಾರೆಂಬ ಖಾತ್ರಿ ಇಲ್ಲ. ಆ ಜಾಗ ಗೆಳತಿಗೆ ಸಿಕ್ಕೀತೋ ಇಲ್ಲವೋ ಅದೂ ನಮ್ಮ ಕೈಯಲ್ಲಿಲ್ಲ. ಅಥಣಿಯಿಂದಲೂ ಈ ಲೇಖನ ಬರೆಯುವವರೆಗೆ ಸುದ್ದಿ ಬಂದಿಲ್ಲ. ಆದರೆ ಡಿಸೆಂಬರಿನಲ್ಲಿ ಹಗಲು ಜತ್ತದ ಕೋರ್ಟು, ಬೆಳಿಗ್ಗೆ-ಸಂಜೆ ಆಯಿಯ ಕಣ್ಣಿಗೆ ಹನಿ ಎಂಬುದು ನಿಶ್ಚಯವಾಗಿದೆ.

ತಂದೆ-ತಾಯಂದಿರಲ್ಲಿ ನನ್ನದೊಂದು ಬಿನ್ನಹ. ಮಕ್ಕಳು ಅರ್ಜಿ ತುಂಬುವಾಗ ಒಂದು ಗಳಿಗೆ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಇಂಗ್ಲಿಷ್ ಬಾರದಿದ್ದರೂ ನಡೆಯುತ್ತದೆ. ಏನು ಕೇಳಿದ್ದಾರೆ, ಏನು ಬರೆದೆ ಎಂದು ಕೇಳಿರಿ. ‘ಬರುವ ಭಾಷೆಗಳು’ ಎಂಬ ಸಾಲಿನಲ್ಲಿ ಕನ್ನಡವನ್ನು ಬಿಡಬೇಡವೆಂದು ಹೇಳಿರಿ. ದೊಡ್ಡ ಊರಿನಲ್ಲಿ ಅದಕ್ಕೆ ಬೆಲೆ ಸಿಗದೆ ಹೋಗಬಹುದು. ಆದರೆ ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕೋರ್ಟು, ದವಾಖಾನೆ, ಬ್ಯಾಂಕುಗಳಲ್ಲಿ ನಮ್ಮ ಆಯಿ-ಮುತ್ಯಾಗಳ ಮಾತನ್ನು ಗಿಡ್ಡ ಮಾಡದೆ ಮುಟ್ಟಿಸುವವರು ಬೇಕಾಗಿದ್ದಾರೆ.

ಡಿಸೆಂಬರಿನೊಳಗೆ ಒಂದು ವಹಿ ತಯಾರು ಮಾಡುತ್ತಿದ್ದೇನೆ. ಲಾವಣಿಯಂತೆ ಕನ್ನಡದಲ್ಲಿ ಒಂದರ್ಥ, ಮರಾಠಿಯಲ್ಲಿ ಬೇರೊಂದು ಅರ್ಥವಿರುವ ಹೊಲ-ಮನೆ, ಕೊಡು-ಕೊಳ್ಳುವಿಕೆಯ ಶಬ್ದಗಳನ್ನು ಅದರಲ್ಲಿ ಬರೆದಿಡುತ್ತಿದ್ದೇನೆ. ಈವರೆಗೆ ಹದಿನಾಲ್ಕು ಆಗಿವೆ. ಒಂಬತ್ತು ಆಯಿ ಹೇಳಿದವು. ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ಶಬ್ದಗಳಿದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.