ಕ್ಯಾಲೆಂಡರಿನ ಚುಕ್ಕೆ

ಮೊಣಕೈಯ ಕೆಳಗೆ ಬಿ.ಪಿ. ಪಟ್ಟಿ ಬಿಗಿದು ಐದು ನಿಮಿಷ ರಕ್ತದ ಹರಿವನ್ನು ತಡೆಯುತ್ತೇವೆ. ಪಟ್ಟಿ ಸಡಿಲಿಸಿದೊಡನೆ ರಕ್ತ ನುಗ್ಗುತ್ತದೆ. ಆಗ ತೋಳಿನ ಧಮನಿ ಎಷ್ಟು ಹಿಗ್ಗಿತು ಎಂದು ಅಲ್ಟ್ರಾಸೌಂಡ್ ಪರದೆಯಲ್ಲಿ ಅಳೆಯುತ್ತೇವೆ. 1992ರಲ್ಲಿ ಬೆಳಕಿಗೆ ಬಂದ ಈ ಪರೀಕ್ಷೆಯೇ ನನ್ನ ಪಿಎಚ್‌.ಡಿ.ಯ ದಿನಚರಿ.

ರಕ್ತನಾಳದ ಒಳಮೈಗೆ ಒಂದೇ ಒಂದು ಪದರ ಜೀವಕೋಶಗಳ ಹೊದಿಕೆಯಿದೆ. ಹರಿಯುವ ರಕ್ತ ಅದನ್ನು ಉಜ್ಜಿದಾಗ ಅದು ನೈಟ್ರಿಕ್ ಆಕ್ಸೈಡ್ ಹೊರಬಿಡುತ್ತದೆ, ನಾಳ ಸಡಿಲಗೊಳ್ಳುತ್ತದೆ. ಈ ಅನಿಲದ ಕೆಲಸವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಏದುಸಿರು ಬರುವಂಥ ವ್ಯಾಯಾಮದಲ್ಲಿ ಈ ಉಜ್ಜುವಿಕೆ ಜೋರಾಗುತ್ತದೆ. ಮುಗಿದ ತಕ್ಷಣ ನಾಳ ಕೊಂಚ ದಣಿದಂತೆ ಕಾಣುವುದುಂಟು, ಆಮೇಲೆ ಚೇತರಿಸಿಕೊಳ್ಳುತ್ತದೆ. ವಾರಗಟ್ಟಲೆ ಅಭ್ಯಾಸ ಮಾಡಿದರೆ ಹಿಗ್ಗುವುದನ್ನು ಚೆನ್ನಾಗಿ ಕಲಿಯುತ್ತದೆ.

ನಮ್ಮ ಹಾಸ್ಟೆಲಿನ ಹುಡುಗಿಯರ ಮೊಬೈಲುಗಳಲ್ಲಿ ತಬಾತಾ ಟೈಮರ್ ಇದೆ. ಇಪ್ಪತ್ತು ಸೆಕೆಂಡ್ ದುಡಿತ, ಹತ್ತು ಸೆಕೆಂಡ್ ವಿಶ್ರಾಂತಿ. ಆ ಲೆಕ್ಕ ಹೆಸರಾದದ್ದು 1996ರ ಜಪಾನಿನ ಅಧ್ಯಯನದಿಂದ. ಅದರಲ್ಲಿ ಸೈಕಲ್ ತುಳಿದವರೆಲ್ಲ ದೈಹಿಕ ಶಿಕ್ಷಣ ಓದುತ್ತಿದ್ದ ಯುವಕರು.

ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳದಿರಲು ಸಂಶೋಧನೆಯ ಬಳಿ ಒಂದು ಸಬೂಬು ಇತ್ತು. ಈಸ್ಟ್ರೋಜನ್ ಕೂಡ ನೈಟ್ರಿಕ್ ಆಕ್ಸೈಡನ್ನು ಹೆಚ್ಚಿಸುತ್ತದೆ. ಹಾಗಾಗಿ ಮುಟ್ಟಿನ ಚಕ್ರದ ಜೊತೆ ನಾಳದ ಅಳತೆಯೂ ಏರಿಳಿಯಬಹುದು. ಅಂಕಿಗಳು ಕದಡುತ್ತವೆ ಎಂದು ಎಷ್ಟೋ ಕಡೆ ಹೆಂಗಸರನ್ನೇ ಬಿಟ್ಟರು. ಅಮೆರಿಕದ ಔಷಧ ನಿಯಂತ್ರಕರಂತೂ ಹೆರುವ ವಯಸ್ಸಿನ ಹೆಂಗಸರನ್ನು ಔಷಧಗಳ ಆರಂಭಿಕ ಪ್ರಯೋಗಗಳಿಂದ ದೂರವಿಡಲು 1977ರಲ್ಲಿ ಸೂಚಿಸಿದ್ದರು. ಅದನ್ನು ಬದಲಿಸಿದ್ದು 1993ರಲ್ಲಿ.

ಇದನ್ನು ಓದಿದ ದಿನ ನನಗೆ ನಮ್ಮ ಅಡುಗೆಮನೆಯ ಕ್ಯಾಲೆಂಡರ್ ನೆನಪಾಯಿತು. ಅಮ್ಮ ಅದರಲ್ಲಿ ಪೆನ್ಸಿಲಿನಿಂದ ಸಣ್ಣ ಚುಕ್ಕೆ ಇಡುತ್ತಿದ್ದಳು. ಹಬ್ಬಕ್ಕೆ, ದೇವಸ್ಥಾನಕ್ಕೆ ನಾವು ಹೋಗಬಹುದೇ ಎಂದು ಆ ಚುಕ್ಕೆ ತೀರ್ಮಾನಿಸುತ್ತಿತ್ತು. 'ಹೊರಗೆ ಕೂರುವುದು' ಮನೆಯ ಮಾತು ಎಂದುಕೊಂಡಿದ್ದೆ. ಲ್ಯಾಬಿಗೂ ಅಂಥದ್ದೇ ಒಂದು ಹೊಸ್ತಿಲಿತ್ತು.

ಅಮ್ಮನಿಗೆ ಮುಟ್ಟು ನಿಂತ ಎರಡು ವರ್ಷಕ್ಕೆ ಬಿ.ಪಿ. ಮಾತ್ರೆ ಶುರುವಾಯಿತು. ಈಸ್ಟ್ರೋಜನ್ ಇಳಿದಾಗ ನಾಳಗಳು ಒಂದು ಆಸರೆಯನ್ನು ಕಳೆದುಕೊಳ್ಳುತ್ತವೆ. ಇಪ್ಪತ್ತರಲ್ಲಿ ಗಳಿಸಿದ್ದು ಐವತ್ತರಲ್ಲಿ ಎಷ್ಟು ಉಳಿದೀತು, ಯಾವ ವ್ಯಾಯಾಮ ಯಾರಿಗೆ ಒಗ್ಗೀತು ಎಂದು ತಿಳಿಯಬೇಕಾದರೆ ಇಪ್ಪತ್ತರ ಹುಡುಗಿಯರನ್ನೇ ಅಳೆಯಬೇಕು.

ಪರೀಕ್ಷೆಗೆ ಬರುವವರಿಗೆ ನಾನು ಮೊದಲು ಕೇಳುವುದೇ ಕಳೆದ ಮುಟ್ಟಿನ ತಾರೀಖು. ಕೆಲವರು ದನಿ ತಗ್ಗಿಸುತ್ತಾರೆ, ಒಬ್ಬಳು ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದಳು. ಉತ್ತರ ಯಾವ ದಿನದ್ದೇ ಆಗಿರಲಿ, ಅವಳನ್ನು ವಾಪಸು ಕಳಿಸುವುದಿಲ್ಲ. ತಾರೀಖು ಬರೆದುಕೊಂಡು, ತೋಳು ಚಾಚಲು ಹೇಳಿ, ಪಟ್ಟಿ ಬಿಗಿಯುತ್ತೇನೆ.